ಕೈಗೆ ಗೊತ್ತಿದ್ದ ಜಾಗ

ಬಂದರಿನಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಕ್ರೇನ್ ಓಡಿಸುವ ಮುದುಕನಿಂದ ಹಿಡಿದು ಗೇಟಿನಲ್ಲಿ ಚೀಟಿ ಹರಿಯುವವಳವರೆಗೆ ಎಲ್ಲರಿಗೂ ಅವನು ‘ಭಾವ’. ಇದಕ್ಕೆ ಕಾರಣ ಅವನ ಹೆಂಡತಿಯ ತಮ್ಮ. ಇಬ್ಬರೂ ಜೋಡಿಯಾಗಿ ನೀರಿಗೆ ಇಳಿಯುತ್ತಿದ್ದರು. ಹಡಗಿನ ತಳಕ್ಕೆ ಅಂಟಿದ ಚಿಪ್ಪು ಕೆರೆಯುವುದು, ಪ್ರೊಪೆಲ್ಲರಿಗೆ ಸುತ್ತಿಕೊಂಡ ಹಗ್ಗ ಕೊಯ್ಯುವುದು, ಕಳಚಿ ಬಿದ್ದ ಲಂಗರು ಹುಡುಕುವುದು ಅವರ ಕೆಲಸ. ಆ ತಮ್ಮ ದಿನಕ್ಕೆ ನೂರು ಸಲ ‘ಭಾವ, ಭಾವ’ ಎನ್ನುವುದನ್ನು ಕೇಳಿ ಕೇಳಿ ಅದೇ ಹೆಸರಾಗಿ ನಿಂತುಬಿಟ್ಟಿತು. “ನನ್ನ ಹೆಂಡ್ತಿಗೆ ಇಷ್ಟೊಂದು ಜನ ತಮ್ಮಂದಿರು ಇದಾರೆ ಅಂತ ಮದುವೆಗೆ ಮುಂಚೆ ಯಾರೂ ಹೇಳ್ಲಿಲ್ಲ” ಎಂದು ಅವನು ನಗುತ್ತಿದ್ದ.

ತಮ್ಮನಿಗೂ ಒಂದು ಅಡ್ಡಹೆಸರಿತ್ತು, ಬಾತು. ಕಾಲಿಗೆ ರಬ್ಬರಿನ ರೆಕ್ಕೆ ಸಿಕ್ಕಿಸಿಕೊಂಡು ಜೆಟ್ಟಿಯ ಮೇಲೆ ಹೊಟ್ಟೆ ಮುಂದೆ ಮಾಡಿ ನಡೆದರೆ ಥೇಟ್ ಬಾತುಕೋಳಿ. ನೀರೊಳಗೆ ಹೋದ ಮೇಲೆ ಮಾತ್ರ ಅವನನ್ನು ಹಿಡಿಯುವವರಿರಲಿಲ್ಲ. ಮೂವತ್ತನಾಲ್ಕು ವಯಸ್ಸಾಗಿದ್ದರೂ ಮದುವೆಯ ಗೊಡವೆಗೆ ಹೋಗದೆ, ಮೂರನೇ ಮಹಡಿಯ ಎರಡು ಕೋಣೆಗಳ ಮನೆಯಲ್ಲಿ ತಾಯಿಯ ಜೊತೆ ಇದ್ದ. ಕೆಲಸ ಮಾಡುವಾಗ ಬಾಯಲ್ಲಿ ಉಸಿರಿನ ಸಾಧನ ಕಚ್ಚಿಕೊಂಡೇ ಏನಾದರೊಂದು ಹಾಡು ಗುನುಗುವುದು ಅವನ ಚಾಳಿ. ಬಂದರಿನ ನೀರು ಕೆಸರು. ಚಾಚಿದ ಕೈಯ ಬೆರಳು ಕಂಡರೆ ಅದೇ ಪುಣ್ಯ. ಗುಳ್ಳೆಗಳ ನಡುವಿನಿಂದ ಬರುವ ಆ ಗುಂಯ್ ಸದ್ದಿನಿಂದಲೇ ಭಾವನಿಗೆ ಅವನಿರುವ ಕಡೆ ತಿಳಿಯುತ್ತಿತ್ತು. ಮೇಲೆ ಬಂದು ಬೈಯುತ್ತಿದ್ದ: “ಮೀನುಗಳೆಲ್ಲ ಊರು ಬಿಟ್ಟು ಹೋದಾವು, ಸ್ವಲ್ಪ ಬಾಯಿ ಮುಚ್ಕೊಳೋ.” “ಬಾಯಿ ಮುಚ್ಕೊಂಡ್ರೆ ಉಸಿರು ಹೇಗಾಡ್ಲಿ ಭಾವ?” ಎನ್ನುತ್ತಿದ್ದ ಬಾತು.

ಉಸಿರಿನ ಸಾಧನವೆಂದರೆ ರೆಗ್ಯುಲೇಟರ್. ಬೆನ್ನ ಮೇಲಿನ ಸಿಲಿಂಡರಿನ ಬಿಗಿಗಾಳಿಯನ್ನು ಹದಮಾಡಿ, ಬೇಕೆಂದಾಗ ಬೇಕಾದಷ್ಟು ಬಾಯಿಗೆ ಕೊಡುವುದು ಅದರ ಕೆಲಸ. ಬಾಯಲ್ಲಿ ಕಚ್ಚಿಕೊಳ್ಳುವುದು ಕರಿಯದು. ಅದೇನಾದರೂ ಕೈಕೊಟ್ಟರೆ, ಇಲ್ಲವೇ ಜೊತೆಯವನ ಗಾಳಿ ಮುಗಿದರೆ ಇರಲೆಂದು ಅದೇ ಸಿಲಿಂಡರಿನಿಂದ ಇನ್ನೊಂದು ಉದ್ದನೆಯ ಕೊಳವೆ ಬರುತ್ತದೆ. ಅದರ ತುದಿಯಲ್ಲಿ ಹಳದಿ ಬಣ್ಣದ ಬದಲಿ ರೆಗ್ಯುಲೇಟರ್, ಎದೆಯ ಬಲಗಡೆ ಕ್ಲಿಪ್ಪಿನಲ್ಲಿ ತೂಗುತ್ತಿರುತ್ತದೆ. ಹದಿನೆಂಟು ವರ್ಷ ಇಬ್ಬರೂ ಆ ಹಳದಿಯನ್ನು ಎದೆಗೆ ಕಟ್ಟಿಕೊಂಡೇ ದುಡಿದಿದ್ದರು. ಪ್ರತಿ ಸಲ ಮುಳುಗುವ ಮೊದಲು ಬಲಗೈಯಿಂದ ಅದನ್ನೊಮ್ಮೆ ತಟ್ಟಿಕೊಳ್ಳುವುದು, ಮನೆ ಬಿಡುವಾಗ ಜೇಬಿನ ಬೀಗದಕೈ ಮುಟ್ಟಿ ನೋಡಿದ ಹಾಗೆ, ಇಬ್ಬರಿಗೂ ರೂಢಿಯಾಗಿತ್ತು.

ಹಳದಿಯದೊಂದೇ ತಕರಾರೆಂದರೆ ಅದು ಎಲ್ಲೆಂದರಲ್ಲಿ ಸಿಕ್ಕಿಹಾಕಿಕೊಳ್ಳುತ್ತಿತ್ತು. ಹಡಗಿನ ಅಡಿಯ ಚಿಪ್ಪುಗಳು ಗರಗಸದ ಹಾಗೆ. ಕೊಳವೆ ಅಲ್ಲಿ ತಾಗಿ ಗೀರು ಬೀಳುತ್ತಿತ್ತು. ಒಂದು ದಿನ ಲಂಗರಿನ ಸರಪಳಿಗೆ ಸಿಕ್ಕ ಬಾತುವಿನ ಹಳದಿ ಕ್ಲಿಪ್ಪಿನಿಂದ ಕಿತ್ತುಬಂದು, ತಡೆಯಿಲ್ಲದೆ ಗಾಳಿ ಉಗುಳತೊಡಗಿತು. ಎರಡು ನಿಮಿಷದಲ್ಲಿ ಅರ್ಧ ಸಿಲಿಂಡರು ಖಾಲಿ. ಇಬ್ಬರೂ ತಣ್ಣಗೆ ಮೇಲೆ ಬಂದರು, ಏನೂ ಆಗಲಿಲ್ಲ. ಆದರೆ ಭಾವನ ತಲೆಯೊಳಗೆ ಹುಳ ಹೊಕ್ಕಿತು. ಹೆಂಡತಿಯ ಮುಂದೆಯೂ ಅದೇ ಮಾತು: “ಜೀವ ಉಳಿಸೋಕೆ ಅಂತ ಕಟ್ಕೊಂಡಿದ್ದೇ ಒಂದು ದಿನ ಜೀವ ತೆಗೆಯುತ್ತೆ. ಬದಲಾಯಿಸ್ಬೇಕು.”

ಮುಳುಗುವವರ ಸಾಮಾನು ಮಾರುವ ಅಂಗಡಿ ಮೀನು ಶೀತಲಗೃಹದ ಹಿಂದಿನ ಓಣಿಯಲ್ಲಿತ್ತು. ನಡೆಸುತ್ತಿದ್ದವಳು ಕನ್ನಡಕ ಹಣೆಗೇರಿಸಿಕೊಂಡು, ಕನ್ನಡಕ ಎಲ್ಲಿ ಎಂದು ಹುಡುಕುವ ಹೆಂಗಸು. ಎಲ್ಲರೂ ಅಂಗಡಿಯಮ್ಮ ಎನ್ನುತ್ತಿದ್ದರು. ಭಾವ ತನ್ನ ಕಷ್ಟ ಹೇಳಿಕೊಂಡ. ಅವಳು ಮೇಜಿನ ಮೇಲೆ ಎರಡು ಬಗೆ ಇಟ್ಟಳು. ಒಂದು, ಬೇರೆಯೇ ಒಂದು ಪುಟ್ಟ ಸಿಲಿಂಡರು, ಅದರದೇ ರೆಗ್ಯುಲೇಟರಿನ ಸಮೇತ. ದೊಡ್ಡದಕ್ಕೆ ಏನಾದರೂ ಆದರೂ ಚಿಕ್ಕದರ ಪಾಡಿಗೆ ಚಿಕ್ಕದು ಇರುತ್ತದೆ. ಇನ್ನೊಂದು, ಮುಳುಗುವವರು ತೇಲಲೆಂದು ತೊಡುವ ಜಾಕೆಟ್ಟಿಗೆ ಗಾಳಿ ತುಂಬುವ ಗುಂಡಿಯಿರುವ ಎಡಗಡೆಯ ಗಿಡ್ಡ ಕೊಳವೆಯೊಳಗೇ ಬದಲಿ ರೆಗ್ಯುಲೇಟರನ್ನು ಸೇರಿಸಿರುವುದು. ಉದ್ದನೆಯ ಹಳದಿ ಕೊಳವೆಯೇ ಬೇಡ.

“ಇದರಲ್ಲಿ ಒಂದು ವಿಷಯ ಇದೆ” ಎಂದಳು ಅಂಗಡಿಯಮ್ಮ. “ಕೊಳವೆ ಗಿಡ್ಡ, ಇನ್ನೊಬ್ಬರಿಗೆ ಕೊಡೋಕೆ ಎಟುಕಲ್ಲ. ಜೊತೆಯವರಿಗೆ ಗಾಳಿ ಬೇಕಾದ್ರೆ ನಿಮ್ಮ ಬಾಯಲ್ಲಿರೋದನ್ನೇ ಕಿತ್ತು ಕೊಡಬೇಕು. ಆಮೇಲೆ ನೀವು ಎಡಗಡೆದು ಬಾಯಿಗೆ ಇಟ್ಕೋಬೇಕು. ಎಲ್ಲಾ ಉಲ್ಟಾ.”

“ಅಷ್ಟೇನಾ?”

“ತಲೆಗೆ ಅಷ್ಟೇ. ಕೈಗೆ ಹೇಳಿಕೊಡೋಕೆ ಹದಿನೈದು ದಿನ ಬೇಕು. ಇಲ್ಲಾಂದ್ರೆ ಚಿಕ್ಕ ಸಿಲಿಂಡರ್ ತಗೊಳ್ಳಿ.”

ಭಾವ ಪುಟ್ಟ ಸಿಲಿಂಡರನ್ನು ಎತ್ತಿ ನೋಡಿದ. ತಮ್ಮಂಥವರು ನುಸುಳುವ ಸಂದುಗಳಲ್ಲಿ ಇದು ಸಿಕ್ಕಿಕೊಳ್ಳಲು ಇನ್ನೊಂದು ಗಂಟಾದೀತು ಎನ್ನಿಸಿತು. ಅದೇನು ಸುಳ್ಳೂ ಅಲ್ಲ. ಬಾತುವಿನ ಕಡೆ ತಿರುಗಿ ಕೇಳಿದ. “ನೀನು ಹೇಳಿದ್ದೇ ಸರಿ ಭಾವ” ಎಂದ ಬಾತು, ಅಂಗಡಿಯ ಕನ್ನಡಿಯಲ್ಲಿ ಹೊಸ ಮುಖವಾಡವೊಂದನ್ನು ಹಾಕಿ ನೋಡಿಕೊಳ್ಳುತ್ತ. ಎಡಗಡೆಯದೇ ಎರಡು ಕೊಂಡರು.

ದೋಣಿ ಎಳೆಯುವ ಇಳಿಜಾರಿನ ಬಳಿ ಎದೆಮಟ್ಟದ ನೀರಿನಲ್ಲಿ ಎರಡು ಸಂಜೆ ಅಭ್ಯಾಸ ಮಾಡಿದರು. ಬಾಯಿಂದ ಕಿತ್ತು ಕೊಡುವುದು, ಎಡಗಡೆಯದನ್ನು ಕಚ್ಚುವುದು. ಹತ್ತು ಸಲ, ಹದಿನೈದು ಸಲ. ನೀರು ಕುಡಿದಷ್ಟು ಸಲೀಸು ಎಂದು ಬಾತು ತಮಾಷೆ ಮಾಡಿದ. ಮೂರನೆಯ ಸಂಜೆ ಅವನಿಗೆ ತಾಯಿಯನ್ನು ಹಲ್ಲಿನ ಡಾಕ್ಟರ ಬಳಿ ಕರೆದುಕೊಂಡು ಹೋಗಬೇಕಿತ್ತು. ನಾಲ್ಕನೆಯ ದಿನ ಬೆಳಿಗ್ಗೆ ಕೆಲಸ ಬಂತು. ಸಣ್ಣ ಸರಕು ಹಡಗೊಂದರ ಪ್ರೊಪೆಲ್ಲರಿಗೆ ದಪ್ಪ ಹಗ್ಗ ಸುತ್ತಿಕೊಂಡಿತ್ತು.

ಆಳ ಹೆಚ್ಚೇನಲ್ಲ, ಆರು ಮೀಟರು. ಭಾವ ಚುಕ್ಕಾಣಿಯ ಕಡೆ, ಬಾತು ಪ್ರೊಪೆಲ್ಲರಿನ ಆಚೆ ಕಡೆ. ಕತ್ತಲಂಥ ನೀರಿನಲ್ಲಿ ಎಂದಿನ ಗುಂಯ್ ಸದ್ದು ಕೇಳುತ್ತಲೇ ಇತ್ತು. ಬಿಗಿದಿದ್ದ ಹಗ್ಗದ ಕೊನೆಯ ಎಳೆ ಕೊಯ್ದಾಗ ಅದು ಚಾಟಿಯಂತೆ ಹಾರಿ ಬಾತುವಿನ ಮುಖಕ್ಕೆ ಹೊಡೆಯಿತು. ಬಾಯಲ್ಲಿದ್ದ ರೆಗ್ಯುಲೇಟರ್ ಕಿತ್ತುಹೋಗಿ ಹಗ್ಗದ ಸಿಕ್ಕಿನೊಳಗೆ ಸೇರಿಕೊಂಡಿತು. ಇದೆಲ್ಲ ಆಮೇಲೆ ಸಾಮಾನನ್ನು ನೋಡಿ ತಿಳಿದದ್ದು. ಭಾವನಿಗೆ ಮೊದಲು ಗೊತ್ತಾದದ್ದು ಸದ್ದು ನಿಂತದ್ದು.

ಒಂದೂವರೆ ನಿಮಿಷದ ಬಳಿಕ ಅವನು ಬಾತುವನ್ನು ಹಡಗಿನ ಅಡಿಯಿಂದ ಎಳೆದುಕೊಂಡು ಮೇಲೆ ಬಂದ. ಉಸಿರು ಸಿಗದೆ ಮೇಲಕ್ಕೆ ಚಿಮ್ಮಿದವನ ತಲೆ ಹಡಗಿನ ತಳಕ್ಕೆ ಬಡಿದಿತ್ತು. ಜೆಟ್ಟಿಯ ಕಾಂಕ್ರೀಟಿನ ಮೇಲೆ ಮಲಗಿಸಿ ಭಾವ ಎದೆ ಒತ್ತಿದ, ಬಾಯಿಗೆ ಬಾಯಿಟ್ಟು ಉಸಿರು ಊದಿದ. ಆಂಬುಲೆನ್ಸ್ ಬಂದಾಗಲೂ ಒತ್ತುತ್ತಲೇ ಇದ್ದ. “ಬಿಡಿ ಭಾವ, ಬಿಡಿ” ಎಂದು ಕ್ರೇನಿನ ಮುದುಕ ತೋಳು ಹಿಡಿದು ಎಬ್ಬಿಸಬೇಕಾಯಿತು.

ವಿಚಾರಣೆ ಬಂದರು ಕಚೇರಿಯ ಎರಡನೇ ಮಹಡಿಯಲ್ಲಿ ನಡೆಯಿತು. ಅಧಿಕಾರಿ ಒಳ್ಳೆಯ ಮನುಷ್ಯ, ಮೊದಲು ನೀರು ತರಿಸಿ ಕೊಟ್ಟ.

“ಬದಲಿ ರೆಗ್ಯುಲೇಟರ್ ಸರಿಯಾಗಿತ್ತಾ?”

“ಸರಿಯಾಗಿತ್ತು.”

“ಅವರ ಮೈ ಮೇಲೇ ಇತ್ತು?”

“ಹೌದು. ಎಡಗಡೆ.”

“ಬಳಸೋದು ಗೊತ್ತಿತ್ತಾ?”

“ಗೊತ್ತಿತ್ತು.”

“ಹಾಗಾದ್ರೆ ಗಾಬರಿ ಆಗಿರಬೇಕು, ಅಲ್ವಾ?”

ಭಾವ ಮೇಜಿನ ಮೇಲಿನ ಪೇಪರ್‌ವೇಟನ್ನೇ ನೋಡುತ್ತಿದ್ದ. “ಇರಬಹುದು” ಎಂದ.

ವರದಿಯಲ್ಲಿ ಬಂದದ್ದು ಹೀಗೆ: ‘ಮೃತರು ಗಾಬರಿಗೊಂಡು, ತಮ್ಮ ಬಳಿಯೇ ಇದ್ದ ಬದಲಿ ಸಾಧನವನ್ನು ಬಳಸಲು ವಿಫಲರಾಗಿದ್ದಾರೆ.’ ಈ ಒಂದು ಸಾಲು ಜೆಟ್ಟಿಯಿಂದ ಗೇಟಿಗೆ, ಗೇಟಿನಿಂದ ಪೇಟೆಗೆ ಹೋಗುವಷ್ಟರಲ್ಲಿ ಚಿಕ್ಕದಾಯಿತು: ಬಾತು ಹೆದರಿ ಸತ್ತನಂತೆ. ಪಾಪ, ಎದೆಯ ಮೇಲೇ ಇತ್ತಂತೆ, ತೆಗೆದು ಬಾಯಿಗಿಡಲಿಲ್ಲವಂತೆ. ಮೂರನೇ ಮಹಡಿಯ ತಾಯಿಗೂ ಅದು ಮುಟ್ಟಿತು. ಹೊಲಿಗೆ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕಾಲರು ಹೊಲಿದು ಮಗ ಮಗಳನ್ನು ಒಬ್ಬಳೇ ದೊಡ್ಡವರನ್ನಾಗಿ ಮಾಡಿದ ಹೆಂಗಸು ಆಕೆ. ಬಂದವರೆಲ್ಲರಿಗೂ ಒಂದೇ ಮಾತು ಹೇಳುತ್ತಿದ್ದಳು: “ನನ್ನ ಮಗ ಪುಕ್ಕಲ ಅಲ್ಲ.” ಬಂದವರು ಹೌದು ಎಂದು ತಲೆಯಾಡಿಸಿ ಹೋಗುತ್ತಿದ್ದರು.

ಭಾವ ಮತ್ತೆ ನೀರಿಗಿಳಿಯಲಿಲ್ಲ. ಎರಡು ತಿಂಗಳು ಮನೆಯಲ್ಲೇ ಕುಳಿತ. ಆಮೇಲೆ ಅಂಗಡಿಯಮ್ಮ ಕರೆಸಿ, ಹಿಂದಿನ ಕೋಣೆಯಲ್ಲಿ ರೆಗ್ಯುಲೇಟರುಗಳನ್ನು ಬಿಚ್ಚಿ ತೊಳೆದು ಜೋಡಿಸುವ ಕೆಲಸ ಕೊಟ್ಟಳು. ಹದಿನೈದು ದಿನ ಬೇಕು ಎಂದು ಅಂದು ಹೇಳಿದ್ದನ್ನು ಅವಳು ಬಾಯಿ ತಪ್ಪಿಯೂ ಎತ್ತಲಿಲ್ಲ. ಎತ್ತಿದ್ದರೆ ಅವನಿಗೆ ಹಗುರಾಗುತ್ತಿತ್ತೋ ಏನೋ. ಬಂದರಿನವರು ಅಂಗಡಿಗೆ ಬಂದರೆ ‘ಏನ್ ಭಾವ’ ಎಂದೇ ಮಾತಾಡಿಸುತ್ತಿದ್ದರು. ಅವನು ಆ ಕರೆಗೆ ಓಗೊಡಲು ಒಂದು ಗಳಿಗೆ ತಡ ಮಾಡುತ್ತಿದ್ದ.

ರಜೆಯಲ್ಲಿ ಮುಳುಗಲು ಹೊರಟವರು ಬದಲಿ ರೆಗ್ಯುಲೇಟರ್ ಆರಿಸಲು ಬಂದರೆ ಅಂಗಡಿಯಮ್ಮ ಅವರನ್ನು ಹಿಂದಿನ ಕೋಣೆಗೆ ಕಳಿಸುತ್ತಿದ್ದಳು. ಒಮ್ಮೆ ಹೊಸದಾಗಿ ಮದುವೆಯಾದ ಗಂಡ ಹೆಂಡತಿ ಬಂದರು. ಹುಡುಗನಿಗೆ ಎಡಗಡೆಯದೇ ಬೇಕು, ನೋಡಲು ಚೆನ್ನಾಗಿದೆ, ಸಿಕ್ಕು ಕಡಿಮೆ. ಹುಡುಗಿಗೆ ಹಳೆಯ ಹಳದಿಯದೇ ಸಾಕು.

“ಇಬ್ಬರೂ ಒಂದೇ ಥರದ್ದು ತಗೊಳ್ಳಿ” ಎಂದ ಭಾವ. “ಯಾವುದಾದ್ರೂ ಆಗ್ಲಿ. ಅವರದ್ದು ಎಲ್ಲಿರುತ್ತೆ ಅಂತ ನಿಮಗೆ ಗೊತ್ತಿರಬೇಕು, ನಿಮ್ಮದು ಎಲ್ಲಿರುತ್ತೆ ಅಂತ ಅವರಿಗೆ.”

“ಯಾವುದು ಒಳ್ಳೇದು, ಅದನ್ನ ಹೇಳಿ ಸರ್.”

“ಇವತ್ತು ಕಣ್ಣು ಮುಚ್ಚಿ ಹತ್ತು ಸಲ ಹುಡುಕಿ. ನಾಳೆ ಬಂದು ಮತ್ತೆ ಹತ್ತು ಸಲ. ಕೈ ತಾನಾಗೇ ಎಲ್ಲಿಗೆ ಹೋಗುತ್ತೋ ಅಲ್ಲಿರೋದು ಒಳ್ಳೇದು.”

ಹುಡುಗ ನಕ್ಕ. ಹುಡುಗಿ ನಗಲಿಲ್ಲ, ಕಣ್ಣು ಮುಚ್ಚಿ ಎದೆಯ ಮೇಲೆ ಕೈಯಾಡಿಸಿದಳು. ಭಾವ ಆ ಕೈಯನ್ನು ನೋಡಲಾರದೆ ಎದ್ದು ಹೋಗಿ, ತೊಳೆದಿಟ್ಟಿದ್ದ ಕೊಳವೆಯನ್ನೇ ಮತ್ತೆ ತೊಳೆಯತೊಡಗಿದ.

ಹೆಂಡತಿ ಕನ್ನಡಕದ ಅಂಗಡಿಯೊಂದರಲ್ಲಿ ಗಾಜು ಉಜ್ಜಿ ಅಳತೆಗೆ ಕೂರಿಸುವ ಕೆಲಸದವಳು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಬೆರಳಲ್ಲೇ ಗೊತ್ತುಮಾಡಿಕೊಳ್ಳುವವಳು. ತಮ್ಮ ಹೋದ ಮೇಲೆ ಅವಳು ಗಂಡನನ್ನು ಒಂದು ಮಾತೂ ಅಂದಿರಲಿಲ್ಲ. ಊಟಕ್ಕೆ ಬಡಿಸುತ್ತಿದ್ದಳು, ಬಟ್ಟೆ ಮಡಚಿಡುತ್ತಿದ್ದಳು, ಬಸ್ಸಿನಲ್ಲಿ ಪಕ್ಕದಲ್ಲೇ ಕೂರುತ್ತಿದ್ದಳು. ಆದರೆ ಮನೆಯಲ್ಲಿ ಮಾತು ಬತ್ತಿಹೋಗಿತ್ತು. ವಿಚಾರಣೆ ಮುಗಿದ ಮೇಲೆ ಕಚೇರಿಯವರು ಬಾತುವಿನ ಸಾಮಾನನ್ನು ಪ್ಲಾಸ್ಟಿಕ್ ಡಬ್ಬವೊಂದರಲ್ಲಿ ತುಂಬಿ ಕಳಿಸಿದ್ದರು. ಅದು ಅಟ್ಟದ ಮೇಲೆ ಸೂಟ್‌ಕೇಸುಗಳ ಹಿಂದೆ ಇತ್ತು.

ಬಾತು ಹೋಗಿ ಒಂದು ವರ್ಷ ಕಳೆದು ಮೂರು ವಾರವಾಗಿತ್ತು. ಭಾನುವಾರ ಮಧ್ಯಾಹ್ನ ಭಾವ ಅಂಗಡಿಯಿಂದ ಮನೆಗೆ ಬಂದಾಗ ಡಬ್ಬ ಕೋಣೆಯ ನಡುವೆ ನೆಲದ ಮೇಲಿತ್ತು. ಹೆಂಡತಿ ಜಾಕೆಟ್ಟನ್ನು ಮಡಿಲ ಮೇಲೆ ಇಟ್ಟುಕೊಂಡು ಕುಳಿತಿದ್ದಳು.

“ಇದನ್ನ ನನಗೆ ಹಾಕು” ಎಂದಳು.

“ಯಾಕೆ?”

“ಹಾಕು ಅಂದೆ.”

ಅವನು ಹಾಕಿದ. ತಮ್ಮನ ಜಾಕೆಟ್ಟು ಅವಳಿಗೆ ದೊಗಳೆ. ಪಟ್ಟಿಗಳನ್ನು ತುದಿಯವರೆಗೆ ಎಳೆದು ಬಿಗಿಮಾಡಬೇಕಾಯಿತು. ಕೊಳವೆಗಳನ್ನು ಹೇಗಿರಬೇಕೋ ಹಾಗೆ ಕೂರಿಸಿದ. ಅವಳು ಗೋಡೆಗೆ ಬೆನ್ನು ಕೊಟ್ಟು, ಕರಿಯದನ್ನು ಬಾಯಲ್ಲಿ ಕಚ್ಚಿ, ತೆಗೆದಳು. ಆಮೇಲೆ ಎಡಗೈಯಿಂದ ಗಿಡ್ಡ ಕೊಳವೆಯನ್ನು ಹಿಡಿದು ಬಾಯಿಗೆ ತಂದಳು. ಅದು ಇದ್ದ ಜಾಗದಿಂದ ಬಾಯಿಗೆ ಒಂದು ಗೇಣೂ ಇರಲಿಲ್ಲ.

“ಇಷ್ಟು ಹತ್ತಿರ” ಎಂದಳು. “ಇಷ್ಟು ಹತ್ತಿರ ಇತ್ತು. ಚಿಕ್ಕ ಮಗೂನೂ ತಗೊಳ್ಳುತ್ತೆ. ಇವನಿಗೇನಾಗಿತ್ತು? ಅಮ್ಮ ಎಲ್ಲರ ಹತ್ರ ವಾದ ಮಾಡ್ತಾಳೆ. ನಾನು ಮಾಡಲ್ಲ, ಯಾಕಂದ್ರೆ ನನಗೂ ಹಾಗೇ ಅನ್ನಿಸುತ್ತೆ. ಅವನು ಹೆದರಿ ಸತ್ತ ಅಂತಾನೇ. ಒಡಹುಟ್ಟಿದವನ ಮೇಲೆ ನನಗೆ ಸಿಟ್ಟು ಬರುತ್ತೆ, ಗೊತ್ತಾ ನಿನಗೆ?”

ಭಾವ ಅವಳೆದುರು ಮಂಡಿಯೂರಿ ಕುಳಿತಿದ್ದ. ಪಟ್ಟಿಯ ಕೊಂಡಿಯೊಂದು ಅವನ ಕೈಯಲ್ಲೇ ಇತ್ತು.

“ಅವನು ಹೆದರಲಿಲ್ಲ” ಎಂದ. “ನನ್ನ ಹತ್ರ ಬಂದ.”

ಅವಳು ಅವನ ಮುಖ ನೋಡಿದಳು.

“ಪ್ರೊಪೆಲ್ಲರ್ ಸುತ್ತು ಹಾಕಿಕೊಂಡು ನನ್ನ ಹತ್ರ ಬಂದು, ಭುಜ ಎರಡು ಸಲ ಒತ್ತಿದ. ಗಾಳಿ ಕೊಡು ಅಂತ. ನಾವು ಗೊತ್ತುಮಾಡಿಕೊಂಡಿದ್ದ ಹಾಗೇ ಒತ್ತಿದ, ನಿಧಾನವಾಗಿ. ನಾನು...” ಅವನು ಕೊಂಡಿಯನ್ನು ಕೆಳಗೆ ಬಿಟ್ಟ. “ನಾನು ನನ್ನ ಬಾಯಲ್ಲಿರೋದನ್ನ ಕಿತ್ತು ಕೊಡಬೇಕಿತ್ತು. ನನ್ನ ಕೈ ಇಲ್ಲಿಗೆ ಹೋಯ್ತು.” ಅವಳ ಎದೆಯ ಬಲಗಡೆ, ಪಟ್ಟಿಯ ಮೇಲೆ, ಏನೂ ಇಲ್ಲದ ಕಡೆ ಬೆರಳಿಟ್ಟು ತೋರಿಸಿದ. “ಹಳದಿ ಹುಡುಕ್ತು. ಅವನ ಕೈಯೂ ನನ್ನ ಎದೆ ಮೇಲೆ ಇಲ್ಲಿಗೇ ಬಂತು. ಇಬ್ಬರ ಕೈಯೂ ಅಲ್ಲೇ ಒಂದಕ್ಕೊಂದು ತಾಕಿದವು. ಕ್ಲಿಪ್ ಕಳಚಿ ಎಲ್ಲೋ ಬಿದ್ದಿದೆ ಅಂದ್ಕೊಂಡು ನಾನು ಹಿಂದೆ ಮುಂದೆ ತಡಕಾಡಿದೆ. ಹಳದಿ ಇಲ್ಲ, ನಾವೇ ತೆಗೆಸಿದೀವಿ ಅಂತ ನೆನಪಾಗಿ ಬಾಯಿಂದ ಕಿತ್ತು ಮುಂದೆ ಚಾಚೋ ಹೊತ್ತಿಗೆ ಅವನು ಅಲ್ಲಿರಲಿಲ್ಲ.”

ಕೆಳಗಿನ ರಸ್ತೆಯಲ್ಲಿ ಯಾರೋ ಬೈಕನ್ನು ಒದ್ದು ಒದ್ದು ಸ್ಟಾರ್ಟ್ ಮಾಡುತ್ತಿದ್ದರು. ಅವಳು ಹಿಡಿದಿದ್ದ ಗಿಡ್ಡ ಕೊಳವೆಯನ್ನು ಕೈಬಿಟ್ಟಳು.

“ಅವನು ಮರೆತ. ನೀನೂ ಮರೆತೆ.”

“ಹೌದು.”

“ಆಫೀಸಿನಲ್ಲಿ ಇದನ್ನ ಹೇಳಿದ್ಯಾ?”

“ಇಲ್ಲ. ಅವರು ಗಾಬರಿನಾ ಅಂದ್ರು. ನಾನು ಇರಬಹುದು ಅಂದೆ.”

ಅವಳು ಜಾಕೆಟ್ಟಿನ ಕೊಂಡಿಗಳನ್ನು ತಾನೇ ಬಿಚ್ಚಿದಳು. ಡಬ್ಬದಲ್ಲಿಡಲಿಲ್ಲ, ಎದೆಗೊತ್ತಿಕೊಂಡು ಒಳಗಿನ ಕೋಣೆಗೆ ಹೋದಳು. ಒಂದು ವರ್ಷ ಅಳದವಳು ಅಂದು ಅತ್ತಳು. ಭಾವ ಬಾಗಿಲ ಹೊರಗೆ ನಿಂತಿದ್ದ, ಒಳಗೆ ಹೋಗುವ ಧೈರ್ಯ ಬರಲಿಲ್ಲ. ಬಿಸಿಲು ಕಿಟಕಿಯಿಂದ ಗೋಡೆಗೆ ಸರಿದ ಮೇಲೆ ಅವಳೇ ಮುಖ ತೊಳೆದುಕೊಂಡು ಬಂದಳು. “ಚಪ್ಪಲಿ ಹಾಕ್ಕೋ. ಅಮ್ಮನ ಹತ್ರ ಹೋಗಿ ಇದನ್ನೇ ಹೇಳು. ನಾನು ಹೇಳಲ್ಲ, ನೀನೇ ಹೇಳ್ಬೇಕು” ಎಂದಳು.

ಅತ್ತೆ ಸೂಜಿಗೆ ದಾರ ಪೋಣಿಸುತ್ತ ಕುಳಿತಿದ್ದಳು. ಭಾವ ನಿಂತುಕೊಂಡೇ ಹೇಳಿದ, ಒಂದಕ್ಷರ ಬಿಡದೆ. ಅಂಗಡಿಯಮ್ಮ ಹದಿನೈದು ದಿನ ಎಂದದ್ದು, ತಾವು ಎರಡೇ ಸಂಜೆಗೆ ಸಾಕುಮಾಡಿದ್ದು, ಆರಿಸಿದ್ದು ತಾನು, ಬಾತು ಹೂಂ ಎಂದದ್ದು ತನ್ನ ಮೇಲಿನ ನಂಬಿಕೆಯಿಂದ. ಅತ್ತೆ ದಾರದ ತುದಿಯನ್ನು ಬೆರಳಿನಿಂದ ಹೊಸೆಯುತ್ತಲೇ ಇದ್ದಳು. ಮುಗಿದ ಮೇಲೆ ಕೇಳಿದಳು: “ಇಷ್ಟು ದಿನ ಯಾಕೆ ಹೇಳ್ಲಿಲ್ಲ?”

“ಹೆದರಿಕೆ ಆಯ್ತು.”

“ಹಾಗಾದ್ರೆ ಹೆದರಿದ್ದು ನೀನು. ನನ್ನ ಮಗ ಅಲ್ಲ.”

“ಹೌದು ಅತ್ತೆ.”

“ಅದನ್ನ ಬರ್ಕೊಡು.”

ಮರುದಿನ ಅಂಗಡಿಗೆ ಹೋಗದೆ, ಒಂದು ಹಾಳೆಯ ಎರಡೂ ಬದಿ ಬರೆದು ಬಂದರು ಕಚೇರಿಗೆ ಒಯ್ದ. ಅಂದಿನ ಅಧಿಕಾರಿ ವರ್ಗವಾಗಿ ಹೋಗಿದ್ದ. ಗುಮಾಸ್ತ ಓದಿ, “ಫೈಲ್ ಮುಚ್ಚಿ ಆಯ್ತಲ್ಲ ಭಾವ. ಈಗ ಇದರಿಂದ ಯಾರಿಗೇನು ಉಪಯೋಗ?” ಎಂದ. ಭಾವ ಬೆಂಚಿನ ಮೇಲೆ ಕುಳಿತ. ಊಟದ ಹೊತ್ತಾಯಿತು, ಗುಮಾಸ್ತ ಉಂಡು ಬಂದ. ಭಾವ ಅಲ್ಲೇ ಇದ್ದ. ಕಡೆಗೆ ಗುಮಾಸ್ತ ಕಪಾಟಿನಿಂದ ಫೈಲು ತೆಗೆದು, ವರದಿಯ ಹಿಂದೆ ಹಾಳೆಯನ್ನು ಸೇರಿಸಿ ದಾರ ಕಟ್ಟಿ, ನಕಲಿನ ಮೇಲೆ ಮೊಹರು ಒತ್ತಿಕೊಟ್ಟ. ವರದಿಯ ಸಾಲು ಇದ್ದ ಹಾಗೇ ಉಳಿಯಿತು. ಅದನ್ನು ಬದಲಿಸುವ ಅಧಿಕಾರ ಆ ಕಟ್ಟಡದಲ್ಲಿ ಯಾರಿಗೂ ಇರಲಿಲ್ಲವಂತೆ.

ನಕಲನ್ನು ಅತ್ತೆ ಮಗಳಿಂದ ಎರಡು ಸಲ ಓದಿಸಿಕೊಂಡಳು. ಆಮೇಲೆ ಯಾರಾದರೂ ಬಾತುವಿನ ಮಾತೆತ್ತಿದರೆ, ವಾದ ಮಾಡುವುದು ಬಿಟ್ಟು ಹಾಳೆಯನ್ನೇ ಮುಂದಿಡುತ್ತಿದ್ದಳು. ಜೆಟ್ಟಿಗೂ ಸುದ್ದಿ ಮುಟ್ಟಿತು. ಕೆಲವರು ಭಾವನನ್ನು ಮಾತಾಡಿಸುವುದು ಬಿಟ್ಟರು. ಕ್ರೇನಿನ ಮುದುಕ ಮಾತ್ರ ಅಂಗಡಿಯವರೆಗೆ ನಡೆದು ಬಂದು, ಏನನ್ನೂ ಕೊಳ್ಳದೆ, ಅರ್ಧ ಗಂಟೆ ಕುಳಿತು ಹೋದ.

ಮನೆಯಲ್ಲಿ ಹೆಂಡತಿ ಮತ್ತೆ ಮಾತಾಡತೊಡಗಿದಳು. ಮೊದಮೊದಲು ಅವು ಸಿಟ್ಟಿನ ಮಾತುಗಳೇ. ವರ್ಷಪೂರ್ತಿ ನುಂಗಿಕೊಂಡಿದ್ದನ್ನೆಲ್ಲ ಆಡಿದಳು, ಅವನು ಕೇಳಿಸಿಕೊಂಡ. ಕೆಲವು ವಾರ ತಾಯಿಯ ಮನೆಯಲ್ಲಿದ್ದು, ಒಂದು ದಿನ ಚೀಲ ಹಿಡಿದು ತಾನಾಗಿಯೇ ವಾಪಸು ಬಂದಳು.

ಅತ್ತೆ ಅವನೊಡನೆ ನೇರ ಮಾತು ಬಿಟ್ಟಳು. ವಾರಕ್ಕೊಮ್ಮೆ ಅವನು ಹೆಂಡತಿಯ ಜೊತೆ ಹೋಗಿ, ನಲ್ಲಿ ಸೋರುತ್ತಿದ್ದರೆ ಸರಿಮಾಡಿ, ಗ್ಯಾಸ್ ಸಿಲಿಂಡರು ಹೊತ್ತು ಮೇಲೆ ತಂದುಕೊಟ್ಟು, ಒಂದು ಮೂಲೆಯ ಕುರ್ಚಿಯಲ್ಲಿ ಕೂರುತ್ತಿದ್ದ. “ಅವನಿಗೆ ಇನ್ನೊಂದು ಲೋಟ ಬೇಕಾ ಕೇಳು” ಎಂದು ಅತ್ತೆ ಮಗಳಿಗೆ ಹೇಳುತ್ತಿದ್ದಳು. ಅವನೂ ಉತ್ತರವನ್ನು ಹೆಂಡತಿಗೇ ಹೇಳುತ್ತಿದ್ದ. ಮೂವರೂ ಅದಕ್ಕೆ ಒಗ್ಗಿಹೋದರು.

ಹೀಗೆ ಮೂರು ವರ್ಷ. ಒಂದು ಸಂಜೆ ಹೆಂಡತಿ ಮುಂದೆ ಇಳಿದು ಹೋಗಿದ್ದಳು. ಭಾವ ಹೊಸ್ತಿಲಲ್ಲಿ ಬಗ್ಗಿ ಚಪ್ಪಲಿ ಮೆಟ್ಟುತ್ತಿದ್ದ. ಹಿಂದಿನಿಂದ ಅತ್ತೆ, ಬಾಗಿಲ ಚಿಲಕದ ಮೇಲೆ ಕೈಯಿಟ್ಟುಕೊಂಡು, ಅವನ ಕಡೆ ನೋಡದೆ ಹೇಳಿದಳು: “ಎರಡನೇ ಮಹಡಿ ಬಲ್ಬ್ ಹೋಗಿದೆ. ನೋಡ್ಕೊಂಡು ಇಳಿ.”

“ಸರಿ ಅತ್ತೆ” ಎಂದ. ಬಾಗಿಲು ಮುಚ್ಚಿತು. ಅವನು ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದ. ಕೆಳಗೆ ಹೆಂಡತಿ ಯಾಕಿಷ್ಟು ತಡ ಎಂದು ಕೇಳಿದಾಗ, “ಅತ್ತೆ ನನಗೆ ನೋಡ್ಕೊಂಡು ಇಳಿ ಅಂದ್ರು” ಎಂದ. ಬಸ್ಸು ಬರುವವರೆಗೂ ಅವಳು ಅವನ ತೋಳು ಹಿಡಿದು ನಿಂತಿದ್ದಳು.